ಮರಗಳ ಗಡಿಯಾಚೆಯ ಬೇಸಿಗೆ

ಹಿಮಾಲಯದಲ್ಲಿ ಮರಗಳು ಮುಗಿದು ಕಾಯಂ ಹಿಮ ಇನ್ನೂ ಶುರುವಾಗದ ಎತ್ತರದಲ್ಲಿ ಹಬ್ಬಿರುವ ಹುಲ್ಲುಗಾವಲುಗಳಿಗೆ ಗಢವಾಲದ ಜನ ಬುಗ್ಯಾಲ್ ಎನ್ನುತ್ತಾರೆ. ಔಲಿ, ಬೇದಿನಿ, ದಯಾರಾ ಹೀಗೆ ಹೆಸರಾದ ಬುಗ್ಯಾಲ್‌ಗಳು ಉತ್ತರಾಖಂಡದಲ್ಲಿ ಹಲವಿವೆ. ಹೂವಿನ ಕಾರಣಕ್ಕೇ ಜಗತ್ತಿನ ಗಮನ ಸೆಳೆದದ್ದು ಚಮೋಲಿ ಜಿಲ್ಲೆಯ ಪುಷ್ಪಾವತಿ ನದಿಯ ಕಣಿವೆ. ಉದ್ದ ಸುಮಾರು 8 ಕಿ.ಮೀ., ಅಗಲ ಸುಮಾರು 2 ಕಿ.ಮೀ. ಇರುವ ಈ ಹೂಗಣಿವೆ 1982ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2005ರಲ್ಲಿ ನಂದಾದೇವಿ ಉದ್ಯಾನದ ಜೊತೆ ಸೇರಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಬಂತು. ಉದ್ಯಾನದ ಒಟ್ಟು ವಿಸ್ತೀರ್ಣ 87.5 ಚದರ ಕಿ.ಮೀ. ಅದರಲ್ಲಿ ದೊಡ್ಡ ಪಾಲು ಬಂಡೆ ಮತ್ತು ಹಿಮನದಿಗೆ ಸೇರಿದ್ದು. ಉಳಿದ ಜಾಗದಲ್ಲಿ ಐನೂರಕ್ಕೂ ಹೆಚ್ಚು ಬಗೆಯ ಸಸ್ಯಗಳಿವೆ.

ಹೊರಗಿನ ಜಗತ್ತಿಗೆ ಕಣಿವೆಯ ಪರಿಚಯವಾದದ್ದು ಬ್ರಿಟಿಷ್ ಪರ್ವತಾರೋಹಿ ಫ್ರಾಂಕ್ ಸ್ಮೈತ್ ಅವರಿಂದ. 1931ರಲ್ಲಿ 7,756 ಮೀಟರ್ ಎತ್ತರದ ಕಾಮೆಟ್ ಶಿಖರವನ್ನೇರಿದ ಅವರ ತಂಡ ಮುಂಗಾರಿನ ಮಳೆಯಲ್ಲಿ ಇಳಿಯುತ್ತ ಈ ಕಣಿವೆಗೆ ಬಂದು ಸೇರಿತು. ಸ್ಮೈತ್ 1937ರಲ್ಲಿ ಹೂಗಳಿಗಾಗಿಯೇ ಮತ್ತೆ ಬಂದರು. ಮರುವರ್ಷ ಕಣಿವೆಯ ಬಗ್ಗೆ ಪುಸ್ತಕ ಬರೆದರು. ಅದರ ಬೆನ್ನಿಗೆ 1939ರಲ್ಲಿ ಸಸ್ಯ ಸಂಗ್ರಹಕ್ಕೆಂದು ಬಂದ ಜೋನ್ ಮಾರ್ಗರೆಟ್ ಲೆಗ್ ಬಂಡೆಯ ಇಳಿಜಾರಿನಲ್ಲಿ ಜಾರಿ ಬಿದ್ದು ತೀರಿಕೊಂಡರು. ಅವರ ಸಮಾಧಿ ಕಣಿವೆಯ ಒಳಗೇ ಇದೆ. ಭ್ಯುಂಡಾರ್ ಹಳ್ಳಿಯ ಕುರಿಗಾಹಿಗಳಿಗೆ ಮಾತ್ರ ಈ ಜಾಗ ಸ್ಮೈತ್ ಬರುವ ಎಷ್ಟೋ ಕಾಲ ಮೊದಲಿನಿಂದ ಗೊತ್ತಿತ್ತು. ಪ್ರತಿ ಬೇಸಿಗೆ ಅವರ ಮಂದೆ ಮೇಯುತ್ತಿದ್ದುದು ಇಲ್ಲಿಯೇ.

ಕಣಿವೆಯಲ್ಲಿ ರಾತ್ರಿ ತಂಗಲು, ಡೇರೆ ಹಾಕಲು ಅನುಮತಿಯಿಲ್ಲ. ಜೂನ್ 1ರಿಂದ ಅಕ್ಟೋಬರ್ 31ರವರೆಗೆ ಮಾತ್ರ ತೆರೆದಿರುವ ಉದ್ಯಾನಕ್ಕೆ ಬೆಳಿಗ್ಗೆ ಹೊಕ್ಕವರು ಸಂಜೆಯೊಳಗೆ ಘಾಂಘರಿಯಾಕ್ಕೆ ಮರಳಬೇಕು. ಹೀಗಾಗಿ ಇದು ಒಂದು ಹಗಲಿನ ನಡಿಗೆ. ಅಲಕನಂದಾ ದಂಡೆಯ ಗೋವಿಂದಘಾಟ್‌ನಿಂದ ವಾಹನ ಪುಲ್ನಾದವರೆಗೆ ಹೋಗುತ್ತದೆ. ಅಲ್ಲಿಂದ ಘಾಂಘರಿಯಾಕ್ಕೆ ಸುಮಾರು 10 ಕಿ.ಮೀ. ಕಾಲ್ದಾರಿ. ಘಾಂಘರಿಯಾ ಇರುವುದು ಸುಮಾರು 3,050 ಮೀಟರ್ ಎತ್ತರದಲ್ಲಿ. ಚಳಿಗಾಲದಲ್ಲಿ ಹಿಮ ಮುಚ್ಚಿ ಜನವಸತಿಯಿಲ್ಲದ ಊರು. ಅದನ್ನು ದಾಟಿದೊಡನೆ ದಾರಿ ಕವಲೊಡೆಯುತ್ತದೆ. ಒಂದು ಹೇಮಕುಂಡ ಸಾಹಿಬ್ ಗುರುದ್ವಾರದತ್ತ ಕಡಿದಾಗಿ ಏರಿದರೆ, ಇನ್ನೊಂದು ಕಾಡಿನೊಳಗೆ ಹೊಕ್ಕು, ಪುಷ್ಪಾವತಿಯ ಇಕ್ಕಟ್ಟಾದ ಕೊರಕಲನ್ನು ದಾಟಿ ಹೂಗಣಿವೆಗೆ ಹೋಗುತ್ತದೆ. ಆ ಎತ್ತರದಲ್ಲಿ ವಾಯುಭಾರ ಸಮುದ್ರಮಟ್ಟದ ಮೂರನೇ ಎರಡು ಭಾಗದಷ್ಟಿರುತ್ತದೆ. ನಾಲ್ಕು ಹೆಜ್ಜೆಗೊಮ್ಮೆ ಉಸಿರು ಸಿಕ್ಕಿಕೊಳ್ಳುವುದು ಆ ಕಾರಣಕ್ಕೆ.

ಮೊದಲ ಅರ್ಧ ದಾರಿ ಕಾಡಿನದು. ಫರ್ ಮರಗಳು, ಮೇಪಲ್, ಅವುಗಳ ಬುಡದ ತೇವದಲ್ಲಿ ಜರಿಗಿಡಗಳು. ಹೆಡೆ ಎತ್ತಿದಂತೆ ಬಾಗಿದ ಹೊದಿಕೆಯೊಳಗೆ ಹೂಗೊಂಚಲನ್ನು ಮುಚ್ಚಿಟ್ಟುಕೊಂಡ ಅರಿಸೀಮ ಗಿಡ ಇಲ್ಲೇ ಕಾಣಸಿಗುತ್ತದೆ. ಸುವರ್ಣಗಡ್ಡೆಯ ಕುಟುಂಬಕ್ಕೆ ಸೇರಿದ ಈ ಸಸ್ಯ ಪಶ್ಚಿಮ ಘಟ್ಟದಲ್ಲೂ ಮಳೆಗಾಲದಲ್ಲಿ ತಲೆಯೆತ್ತುತ್ತದೆ. ಅರಿಸೀಮದ ಹಲವು ಪ್ರಭೇದಗಳು ಲಿಂಗ ಬದಲಿಸುತ್ತವೆ: ಗಡ್ಡೆ ಚಿಕ್ಕದಾಗಿದ್ದಾಗ ಗಿಡ ಗಂಡು, ಸಾಕಷ್ಟು ಆಹಾರ ಕೂಡಿಟ್ಟು ಗಡ್ಡೆ ದಪ್ಪವಾದ ಮೇಲೆ ಹೆಣ್ಣು. ಬೀಜ ಕಟ್ಟುವುದು ದುಬಾರಿ ಕೆಲಸ, ಪರಾಗ ಮಾಡುವುದು ಅಗ್ಗದ್ದು. ಒಂದು ವರ್ಷ ಬೀಜ ಬಿಟ್ಟು ಬಡವಾದ ಗಿಡ ಮರುವರ್ಷ ಮತ್ತೆ ಗಂಡಾಗುವುದೂ ಉಂಟು. ನೆಲದಡಿ ಕೂಡಿಟ್ಟದ್ದೇ ಗಿಡದ ಬಾಳನ್ನು ತೀರ್ಮಾನಿಸುವ ಈ ಪದ್ಧತಿ ಮೇಲೇರಿದಂತೆ ಇನ್ನಷ್ಟು ಬಲವಾಗುತ್ತ ಹೋಗುತ್ತದೆ.

ಕೊರಕಲು ದಾಟಿ ಏರು ಹತ್ತಿದಂತೆ ಫರ್ ಮರಗಳು ವಿರಳವಾಗಿ ಭೂರ್ಜ ವೃಕ್ಷಗಳು ಶುರುವಾಗುತ್ತವೆ. ಪ್ರಾಚೀನ ಹಸ್ತಪ್ರತಿಗಳಿಗೆ ಹಾಳೆ ಒದಗಿಸಿದ ಭೂರ್ಜಪತ್ರ ಈ ಮರದ ತೊಗಟೆಯೇ. ಕಾಂಡದ ಮೇಲೆ ತಿಳಿ ಕೆಂಪು ಛಾಯೆಯ ಬಿಳಿ ತೊಗಟೆ ಪದರ ಪದರವಾಗಿ ಎದ್ದು, ಅಂಚು ಸುರುಳಿಗಟ್ಟಿರುತ್ತದೆ. ಪದರದ ಉದ್ದಕ್ಕೂ ಅಡ್ಡ ಗೀಟುಗಳಂಥ ಉಸಿರುರಂಧ್ರಗಳು. ಪಶ್ಚಿಮ ಹಿಮಾಲಯದಲ್ಲಿ ಮರಗಳ ಗಡಿಯನ್ನು ಕಾಯುವ ಮರ ಬಹುಮಟ್ಟಿಗೆ ಇದೇ. ಇದರ ಜೊತೆಗೆ ಹಿಮದ ಭಾರಕ್ಕೆ ಬಾಗಿ ನೆಲಕ್ಕೊರಗಿ ಬೆಳೆಯುವ ರೋಡೋಡೆಂಡ್ರಾನ್ ಪೊದೆಗಳಿವೆ. ಸುಮಾರು 3,500 ಮೀಟರಿನ ಸುತ್ತಮುತ್ತ ಇವೂ ನಿಲ್ಲುತ್ತವೆ.

ಮರ ಏಕೆ ನಿಲ್ಲುತ್ತದೆ ಎಂಬುದು ಸಸ್ಯವಿಜ್ಞಾನದ ಹಳೆಯ ಪ್ರಶ್ನೆ. ಚಳಿಗಾಲದ ಕೊರೆತಕ್ಕೆ ಮರ ಸಾಯುತ್ತದೆ ಎಂಬ ಉತ್ತರ ಸುಲಭವಾಗಿ ತೋಚುತ್ತದೆ, ಆದರೆ ಅದು ಸರಿಯಲ್ಲ. ಸೈಬೀರಿಯದ ಕಾಡುಗಳು ಇದಕ್ಕಿಂತ ಎಷ್ಟೋ ಪಟ್ಟು ಕಡು ಚಳಿಯನ್ನು ತಡೆದು ನಿಂತಿವೆ. ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದ ಕ್ರಿಶ್ಚಿಯನ್ ಕೋರ್ನರ್ ಮತ್ತು ಸಂಗಡಿಗರು ಜಗತ್ತಿನ ಹಲವು ಪರ್ವತಗಳಲ್ಲಿ ಮಣ್ಣಿನ ಉಷ್ಣತೆಯನ್ನು ಅಳೆದು ನೋಡಿದರು. ಬೆಳವಣಿಗೆಯ ಋತುವಿನ ಸರಾಸರಿ ಉಷ್ಣತೆ ಎಲ್ಲಿ ಸುಮಾರು 6 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೋ ಅಲ್ಲಿ, ಸಮಭಾಜಕದ ಹತ್ತಿರವಾದರೂ ಸರಿ, ಉತ್ತರ ದೇಶಗಳಲ್ಲಾದರೂ ಸರಿ, ಮರಗಳು ನಿಲ್ಲುತ್ತವೆ. ಆ ಉಷ್ಣತೆಯಲ್ಲೂ ಎಲೆ ಆಹಾರ ತಯಾರಿಸುತ್ತದೆ. ಆದರೆ ಆ ಆಹಾರದಿಂದ ಹೊಸ ಜೀವಕೋಶಗಳನ್ನು ಕಟ್ಟುವ ಕೆಲಸ 5 ಡಿಗ್ರಿಯ ಆಸುಪಾಸಿನಲ್ಲಿ ಹೆಚ್ಚುಕಡಿಮೆ ಸ್ಥಗಿತವಾಗುತ್ತದೆ. ಹಸಿವಿನಿಂದಲ್ಲ, ಕಟ್ಟಲಾಗದ್ದರಿಂದ ಮರ ಸೋಲುತ್ತದೆ.

ಹಾಗಾದರೆ ಅದೇ ಚಳಿಯಲ್ಲಿ ಹೂಗಿಡಗಳು ಬೆಳೆಯುವುದು ಹೇಗೆ? ಗಿಡದ ಎತ್ತರವೇ ಇದಕ್ಕೆ ಉತ್ತರ. ಮರದ ನೆತ್ತಿ ಗಾಳಿಯಲ್ಲಿದೆ. ಗಾಳಿ ಎಷ್ಟು ತಣ್ಣಗಿದೆಯೋ ಮರದ ಕೊಂಬೆಯೂ ಅಷ್ಟೇ ತಣ್ಣಗಿರುತ್ತದೆ. ನೆಲಕ್ಕಂಟಿದ ಗಿಡದ ಮೇಲೆ ಗಾಳಿ ಬೀಸಿ ಹೋಗುತ್ತದೆ, ಒಳಗೆ ನುಗ್ಗುವುದು ಕಡಿಮೆ. ಬಿಸಿಲು ಕಾಯಿಸಿದ ನೆಲದ ಶಾಖ ಎಲೆಗಳ ನಡುವೆ ಉಳಿಯುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ದಿಂಬಿನಂತೆ ನೆಲಕ್ಕೆ ಹಬ್ಬಿದ ಗಿಡದ ಒಳಗಿನ ಉಷ್ಣತೆ ಹೊರಗಿನ ಗಾಳಿಗಿಂತ 10 ಡಿಗ್ರಿಗೂ ಹೆಚ್ಚಿರಬಲ್ಲದು. ಮನುಷ್ಯ ನಿಂತಾಗ ಅವನ ಮುಖಕ್ಕೆ ಬಡಿಯುವ ಹವೆಯೇ ಬೇರೆ, ಅವನ ಪಾದದ ಬಳಿಯ ಗಿಡ ಅನುಭವಿಸುವ ಹವೆಯೇ ಬೇರೆ. ಮರಗಳ ಗಡಿಯಾಚೆಯ ಇಂಥ ಆಲ್ಪೈನ್ ಸಸ್ಯಗಳನ್ನು ಚಳಿಯ ಸಸ್ಯಗಳೆಂದು ಕರೆಯುವುದು ರೂಢಿ. ಆದರೆ ಅವು ಚಳಿಯ ಸೀಮೆಯೊಳಗೆ ಬೆಚ್ಚನೆಯ ಜಾಗ ಹುಡುಕಿಕೊಂಡ ಸಸ್ಯಗಳು.

ಚಳಿಗಾಲದಲ್ಲಿ ಅವುಗಳನ್ನು ಕಾಪಾಡುವುದು ಹಿಮವೇ. ನವೆಂಬರಿನಿಂದ ಮೇ ತಿಂಗಳವರೆಗೆ ಕಣಿವೆಯ ನೆಲ ಹಿಮದಡಿಯಲ್ಲಿರುತ್ತದೆ. ಹೊಸ ಹಿಮದ ಪದರಗಳ ನಡುವೆ ಗಾಳಿ ಸಿಕ್ಕಿಕೊಂಡಿರುವುದರಿಂದ ಅದು ದಪ್ಪ ಕಂಬಳಿಯಂತೆ ಶಾಖವನ್ನು ಹೊರಬಿಡದೆ ಹಿಡಿದಿಡುತ್ತದೆ. ಮೇಲೆ ಗಾಳಿ ಸೊನ್ನೆಗಿಂತ ಎಷ್ಟೇ ಕೆಳಗಿಳಿದರೂ ದಪ್ಪ ಹಿಮದ ಬುಡದಲ್ಲಿ ಮಣ್ಣು ಸೊನ್ನೆಯ ಆಸುಪಾಸಿನಲ್ಲೇ ಉಳಿಯುತ್ತದೆ. ಗಾಳಿ ಹಿಮವನ್ನು ಗುಡಿಸಿ ಹಾಕುವ ದಿಬ್ಬದ ನೆತ್ತಿಯ ಮೇಲೆ ಈ ರಕ್ಷಣೆ ಇಲ್ಲ. ಹಾಗಾಗಿ ದಿಬ್ಬದ ಮೇಲೆ ಬದುಕುವ ಗಿಡಗಳೇ ಬೇರೆ, ತಗ್ಗಿನ ಗಿಡಗಳೇ ಬೇರೆ.

ಹಿಮಕುಸಿತಕ್ಕೂ ಹೂಗಳಿಗೂ ನೇರ ಸಂಬಂಧವಿದೆ. ಎರಡೂ ಬದಿಯ ಕಡಿದಾದ ಗೋಡೆಗಳಿಂದ ಪ್ರತಿ ಚಳಿಗಾಲದಲ್ಲಿ ಹಿಮ ಕುಸಿದು ಕಣಿವೆಗೆ ಬೀಳುತ್ತದೆ. ಅದು ಬಂದ ಜಾಡಿನಲ್ಲಿ ಮರದ ಸಸಿ ಎದ್ದು ನಿಲ್ಲುವುದು ಕಷ್ಟ. ನಾಲ್ಕು ವರ್ಷ ಬೆಳೆದದ್ದು ಐದನೆಯ ವರ್ಷ ಮುರಿದು ಬೀಳುತ್ತದೆ. ಚಳಿಗಾಲಕ್ಕೆ ಮುನ್ನವೇ ಕಾಂಡ ಒಣಗಿಸಿ ನೆಲದಡಿ ಸೇರಿಕೊಂಡ ಹೂಗಿಡಕ್ಕೆ ಇದರಿಂದ ನಷ್ಟವೇನೂ ಇಲ್ಲ. ಕುಸಿತದೊಡನೆ ಬಂದ ಮಣ್ಣು, ಪುಡಿಗಲ್ಲು ಹೊಸ ನೆಲವನ್ನೇ ಒದಗಿಸುತ್ತದೆ. ತಿಪ್ರಾ ಹಿಮನದಿ ಹಿಂದೊಮ್ಮೆ ಕೆಳಗಿನವರೆಗೆ ಹರಿದಿದ್ದಾಗ ಕೊರೆದು ಬಿಟ್ಟುಹೋದ ಅಗಲ ತಳದ ಕಣಿವೆ, ಅದರಲ್ಲಿ ಬಿಟ್ಟ ಕಲ್ಲುಮಣ್ಣಿನ ರಾಶಿ, ವರ್ಷವರ್ಷದ ಹಿಮಕುಸಿತ ಮತ್ತು ಮುಂಗಾರಿನ ಮಳೆ ಸೇರಿ ಈ ಹುಲ್ಲುಗಾವಲನ್ನು ಮಾಡಿವೆ. ನೋಡಲು ಸೌಮ್ಯವಾಗಿ ಕಾಣುವ ಈ ನೆಲ ಪ್ರಕೃತಿಯ ಅತ್ಯಂತ ಒರಟು ಕೆಲಸಗಳಿಂದ ಆದದ್ದು.

ಬೆಳವಣಿಗೆಗೆ ಸಿಗುವುದು ಮೂರು, ಹೆಚ್ಚೆಂದರೆ ನಾಲ್ಕು ತಿಂಗಳು. ಅಷ್ಟರಲ್ಲಿ ಮೊಳೆತು, ಬೆಳೆದು, ಹೂಬಿಟ್ಟು, ಬೀಜ ಮಾಗಿಸುವುದು ಬಹುತೇಕ ಗಿಡಗಳಿಗೆ ಆಗದ ಮಾತು. ಆದ್ದರಿಂದ ಇಲ್ಲಿಯ ಹೆಚ್ಚಿನವು ಬಹುವಾರ್ಷಿಕಗಳು. ಅವುಗಳ ಬೇರು, ಗಡ್ಡೆ, ಬೇರುಕಾಂಡಗಳಲ್ಲಿ ಹಿಂದಿನ ಬೇಸಿಗೆಯ ಸಕ್ಕರೆ ಪಿಷ್ಟಗಳು ದಾಸ್ತಾನಾಗಿರುತ್ತವೆ. ಅನೇಕ ಆಲ್ಪೈನ್ ಸಸ್ಯಗಳು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಬರುವ ವರ್ಷದ ಹೂಮೊಗ್ಗನ್ನೂ ಈ ವರ್ಷವೇ ಸಿದ್ಧಮಾಡಿ ಮಣ್ಣಿನ ಮಟ್ಟದಲ್ಲಿ ಬಚ್ಚಿಟ್ಟಿರುತ್ತವೆ. ಹಿಮ ಕರಗಿ ವಾರ ಕಳೆಯುವುದರೊಳಗೆ ನೆಲ ಬಣ್ಣ ತಾಳುವುದು ಹೀಗೆ. ಜೂನ್‌ನಲ್ಲಿ ಅರಳಿದ ಹೂವಿನ ಚೆಲುವಿಗೆ ಹೋದ ವರ್ಷದ ಬಿಸಿಲು ಕಾರಣ.

ಜೂನ್ ಮೊದಲ ವಾರಗಳಲ್ಲಿ ದಾರಿಯುದ್ದಕ್ಕೂ ಹಿಮದ ತುಂಡುಗಳು ಉಳಿದಿರುತ್ತವೆ. ಕರಗುವ ಹಿಮದ ಅಂಚಿನಲ್ಲೇ ನೇರಳೆ ಚೆಂಡುಗಳಂಥ ಪ್ರಿಮುಲಾ ಹೂಗಳು, ನೀರಿನ ಜಿನುಗಿನಲ್ಲಿ ಹಳದಿ ಕ್ಯಾಲ್ತಾ, ಬಂಡೆಯ ಬಿರುಕಿನಲ್ಲಿ ಗುಲಾಬಿ ಬಣ್ಣದ ಬರ್ಜೀನಿಯಾ. ಜುಲೈನಲ್ಲಿ ಮಳೆ ಹಿಡಿದ ಮೇಲೆ ಪೊಟೆಂಟಿಲ್ಲಾ, ಜಿರೇನಿಯಂ, ಅನಿಮೋನ್, ಪೆಡಿಕ್ಯುಲಾರಿಸ್‌ಗಳ ಸರದಿ. ಬಂಡೆಗಳ ಸಂದಿಯಲ್ಲಿ ಮುಳ್ಳು ತುಂಬಿದ ಕಾಂಡದ ಮೇಲೆ ತೆಳು ನೀಲಿ ದಳಗಳ ಹಿಮಾಲಯದ ನೀಲಿ ಗಸಗಸೆ ಅರಳುವುದೂ ಆಗಲೇ. ಆ ಗಿಡ ಹಲವು ವರ್ಷ ಎಲೆಗಳ ಗುಚ್ಛವಾಗಿ ಕಾದು, ಒಂದೇ ಒಂದು ಬಾರಿ ಹೂಬಿಟ್ಟು, ಬೀಜ ಉದುರಿಸಿ ಸಾಯುತ್ತದೆ. ಆಗಸ್ಟ್‌ನಲ್ಲಿ ಕಣಿವೆಯ ತಳ ಆಳೆತ್ತರದ ಕೆನ್ನೀಲಿ-ಗುಲಾಬಿ ಇಂಪೇಶನ್ಸ್‌ಗಳಿಂದ ತುಂಬುತ್ತದೆ, ನದಿಯ ಜಲ್ಲಿಯ ಮೇಲೆ ಎಪಿಲೋಬಿಯಂ ಹಬ್ಬುತ್ತದೆ. ಸೆಪ್ಟೆಂಬರ್ ನಡುವಿನ ಹೊತ್ತಿಗೆ ಎಲೆಗಳು ಕೆಂಪು ಹಳದಿಗೆ ತಿರುಗಿ ಬೀಜಗಳು ಉದುರುತ್ತವೆ.

ಈ ಪಂಚಾಂಗ ಕಣಿವೆಯ ಎಲ್ಲೆಡೆ ಒಂದೇ ದಿನ ಒಂದೇ ಪುಟದಲ್ಲಿರುವುದಿಲ್ಲ. ಬಿಸಿಲು ಬೀಳುವ ಇಳಿಜಾರಿನಲ್ಲಿ ಹಿಮ ಬೇಗ ಕರಗುತ್ತದೆ, ನೆರಳಿನ ಬದಿಯ ಹಳ್ಳದಲ್ಲಿ ತಿಂಗಳು ತಡವಾಗಬಹುದು. ಹೀಗಾಗಿ ಒಂದು ಬದಿಯಲ್ಲಿ ಕಾಯಿಕಟ್ಟಿದ ಪ್ರಿಮುಲಾ ಇನ್ನೊಂದು ಬದಿಯ ಹಿಮದಂಚಿನಲ್ಲಿ ಆಗಷ್ಟೇ ಮೊಗ್ಗೊಡೆಯುತ್ತಿರುತ್ತದೆ. ಗಮನವಿಟ್ಟು ನಡೆದವರಿಗೆ ಒಂದೇ ಹಗಲಿನಲ್ಲಿ ಋತುವಿನ ಹಲವು ವಾರಗಳು ಕಾಣಸಿಗುತ್ತವೆ.

ಇಲ್ಲಿಯ ಹೆಚ್ಚಿನ ಗಿಡಗಳು ಬಹುವಾರ್ಷಿಕಗಳೆಂಬ ನಿಯಮಕ್ಕೆ ಇಂಪೇಶನ್ಸ್ ಅಪವಾದ. ಇದು ಏಕವಾರ್ಷಿಕ, ಬೀಜದಿಂದ ಮೊಳೆತು ಒಂದೇ ಬೇಸಿಗೆಯಲ್ಲಿ ಮನುಷ್ಯನೆತ್ತರ ಮೀರಿ ಬೆಳೆದು ಮುಗಿಯುತ್ತದೆ. ಇದಕ್ಕೆ ಬೇಕಾದದ್ದು ಹಿಮಕುಸಿತ ಬುಡಮೇಲು ಮಾಡಿದ, ತೇವ ಮತ್ತು ಸಾರ ತುಂಬಿದ ತೆರೆದ ಮಣ್ಣು. ಕರ್ನಾಟಕದ ಅಂಗಳಗಳ ಕರ್ಣಕುಂಡಲ, ಮಲೆನಾಡಿನ ದರೆಯ ಮೇಲೆ ಮಳೆಗಾಲದಲ್ಲಿ ಅರಳುವ ಗೌರಿಹೂಗಳು ಇದೇ ಕುಲದವು. ಮಾಗಿದ ಕಾಯಿ ಬೆರಳು ಸೋಕಿದೊಡನೆ ಸಿಡಿದು ಬೀಜ ಚಿಮ್ಮಿಸುವ ಕೌಶಲ ಅಲ್ಲಿಯಂತೆ ಇಲ್ಲಿಯೂ ಇದೆ.

ಹೂ ಅರಳಿದರೆ ಸಾಲದು, ಪರಾಗ ಸಾಗಬೇಕು. ಮಂಜು ಕವಿದ, ಸೋನೆ ಬಿಡದ ಬೆಳಗಿನಲ್ಲಿ ಜೇನುಹುಳುಗಳು ಹೊರಬೀಳಲಾರವು. ಆ ಹೊತ್ತಿನಲ್ಲೂ ಕೆಲಸಕ್ಕಿಳಿಯುವುದು ಬಂಬಲ್ ಬೀ. ಮೈತುಂಬ ತುಪ್ಪಳವಿರುವ ಈ ಜೇನುಬಂಧು ದಕ್ಷಿಣ ಭಾರತದಲ್ಲಿಲ್ಲ. ಅಲ್ಲಿ ಒಣ ಮರ ಕೊರೆದು ಗೂಡು ಮಾಡುವ ಕಪ್ಪು ದುಂಬಿ ಬೇರೆಯದೇ ಗುಂಪಿನದು. ಹಾರುವ ಮುನ್ನ ಬಂಬಲ್ ಬೀ ರೆಕ್ಕೆಗಳನ್ನು ಆಡಿಸದೆ ಎದೆಯ ಸ್ನಾಯುಗಳನ್ನು ಮಾತ್ರ ನಡುಗಿಸಿ, ಮೈಯನ್ನು ಸುಮಾರು 30 ಡಿಗ್ರಿಗೆ ಕಾಯಿಸಿಕೊಳ್ಳುತ್ತದೆ. ಪೆಡಿಕ್ಯುಲಾರಿಸ್ ಹೂವಿಗೂ ಈ ಕೀಟಕ್ಕೂ ಬಿಡಿಸಲಾರದ ನಂಟು. ಆ ಹೂವಿನ ಮೇಲ್ತುಟಿ ಕೊಕ್ಕಿನಂತೆ ಬಾಗಿ ಪರಾಗವನ್ನು ಒಳಗೆ ಮುಚ್ಚಿಟ್ಟುಕೊಂಡಿರುತ್ತದೆ. ಅನೇಕ ಪ್ರಭೇದಗಳಲ್ಲಿ ಮಕರಂದವೇ ಇಲ್ಲ. ಬಂಬಲ್ ಬೀ ಹೂವನ್ನು ಅವುಚಿ ಹಿಡಿದು, ಅದೇ ಸ್ನಾಯುಗಳನ್ನು ಜೋರಾಗಿ ಕಂಪಿಸಿದಾಗ ಪರಾಗ ಉದುರುತ್ತದೆ. ಹತ್ತಿರ ನಿಂತವರಿಗೆ ಹಾರುವ ಸದ್ದಿಗಿಂತ ಹೆಚ್ಚು ಕೀಚಲಾದ ಝೇಂಕಾರ ಕೇಳುತ್ತದೆ. ನೆಲದಡಿಯಲ್ಲಿ ಇದೇ ಪೆಡಿಕ್ಯುಲಾರಿಸ್ ಪಕ್ಕದ ಹುಲ್ಲಿನ ಬೇರಿಗೆ ತನ್ನ ಬೇರನ್ನು ಚುಚ್ಚಿ ನೀರು, ಲವಣಗಳನ್ನು ಕದಿಯುತ್ತದೆ. ಎಲೆ ಹಸಿರಾಗಿರುವುದರಿಂದ ಇದು ಅರೆ ಪರಾವಲಂಬಿ. ಇನ್ನೂ ಮೇಲೇರಿದಂತೆ ಜೇನಿನ ಬಂಧುಗಳು ಕಡಿಮೆಯಾಗಿ, ಪರಾಗ ಸಾಗಿಸುವ ಕೆಲಸ ಹೆಚ್ಚೆಚ್ಚು ನೊಣಗಳ ಪಾಲಿಗೆ ಬರುತ್ತದೆ.

ಪ್ರಿಮುಲಾದ ತಂತ್ರ ಬೇರೆ. ಕೆಲವು ಗಿಡಗಳ ಹೂವಿನಲ್ಲಿ ಶಲಾಕೆ ಉದ್ದ, ಕೇಸರಗಳು ಒಳಗೆ ಕೆಳಗಿರುತ್ತವೆ. ಪಕ್ಕದ ಇನ್ನೊಂದು ಗಿಡದಲ್ಲಿ ಶಲಾಕೆ ಗಿಡ್ಡ, ಕೇಸರಗಳು ಬಾಯಿಯ ಬಳಿ. ಕೀಟದ ಮೈಯ ಒಂದು ಜಾಗಕ್ಕೆ ಅಂಟಿದ ಪರಾಗ ಇನ್ನೊಂದು ಬಗೆಯ ಹೂವಿನ ಶಲಾಕಾಗ್ರಕ್ಕೇ ತಗಲುವಂತೆ ಈ ಅಳತೆಗಳು ಹೊಂದಿಕೊಂಡಿವೆ. ಸ್ವಪರಾಗಸ್ಪರ್ಶ ತಪ್ಪಿಸುವ ಈ ಏರ್ಪಾಡನ್ನು ಚಾರ್ಲ್ಸ್ ಡಾರ್ವಿನ್ 1862ರಲ್ಲೇ ಯುರೋಪಿನ ಪ್ರಿಮುಲಾಗಳಲ್ಲಿ ವಿವರಿಸಿದ್ದರು. ಬರಿಗಣ್ಣಿಗೇ ಕಾಣುವ ವ್ಯತ್ಯಾಸ ಇದು.

ಬ್ರಹ್ಮಕಮಲ ನೋಡಬೇಕೆಂದು ಬರುವವರಿಗೆ ಕಣಿವೆಯ ತಳದಲ್ಲಿ ಅದು ಸಾಮಾನ್ಯವಾಗಿ ಸಿಗುವುದಿಲ್ಲ. ಅದರ ಎತ್ತರ 3,700 ಮೀಟರಿನಿಂದ ಮೇಲೆ; ಆಗಸ್ಟ್ ಸೆಪ್ಟೆಂಬರಿನಲ್ಲಿ ಹೇಮಕುಂಡದ ಹಾದಿಯ ಬಂಡೆಗಳ ನಡುವೆ ಕಾಣಸಿಗುತ್ತದೆ. ಕರ್ನಾಟಕದ ಮನೆಗಳ ಕುಂಡದಲ್ಲಿ ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ಬಾಡುವ ಬ್ರಹ್ಮಕಮಲ ಅಮೆರಿಕ ಖಂಡದಿಂದ ಬಂದ ಒಂದು ಕಳ್ಳಿ, ಇದಕ್ಕೂ ಅದಕ್ಕೂ ನಂಟಿಲ್ಲ. ಹಿಮಾಲಯದ ಬ್ರಹ್ಮಕಮಲ ಸೂರ್ಯಕಾಂತಿಯ ಕುಟುಂಬದ ಸಸ್ಯ, ಉತ್ತರಾಖಂಡದ ರಾಜ್ಯಪುಷ್ಪ. ದಳಗಳೆಂದು ತೋರುವ ತೆಳು ಹಳದಿ ಹಾಳೆಗಳು ನಿಜವಾಗಿ ಹೊದಿಕೆಯ ಎಲೆಗಳು; ಅವುಗಳನ್ನು ಬಿಡಿಸಿದರೆ ಒಳಗೆ ಕಡು ನೇರಳೆಯ ಪುಟ್ಟ ಹೂಗಳ ಗೊಂಚಲು. ನೀರು ತಗುಲಿದರೆ ಪರಾಗ ಕೆಡುತ್ತದೆ. ಹೊದಿಕೆ ಮಳೆಯನ್ನು ಹೊರಗಿಟ್ಟು, ಬೆಳಕನ್ನು ಒಳಬಿಟ್ಟು, ಹೂಗಳನ್ನು ಬೆಚ್ಚಗಿಡುತ್ತದೆ. ಇದರ ಹತ್ತಿರದ ಬಂಧು ಫೇನಕಮಲ 4,000 ಮೀಟರಿಗೂ ಮೇಲೆ, ಕಲ್ಲುಚೂರಿನ ನೆಲದಲ್ಲಿ, ಬಿಳಿ ಉಣ್ಣೆಯಲ್ಲಿ ಮೈಮುಚ್ಚಿಕೊಂಡು ಬದುಕುತ್ತದೆ.

ನೆಲದಡಿಯ ದಾಸ್ತಾನು ಗಿಡವನ್ನು ಹಿಮದಿಂದ ಉಳಿಸುತ್ತದೆ. ಮನುಷ್ಯನಿಂದ ಅಪಾಯ ಬರುವುದೂ ಅದರಿಂದಲೇ. ಜಟಾಮಾಂಸಿ, ಕಟುಕರೋಹಿಣಿ, ಅತಿವಿಷ ಇವು ಕರ್ನಾಟಕದ ಗ್ರಂಥಿಗೆ ಅಂಗಡಿಗಳಲ್ಲಿ ಒಣ ಬೇರಿನ ರೂಪದಲ್ಲಿ ಸಿಗುವ ಔಷಧಿಗಳು, ಮೂಲತಃ ಹಿಮಾಲಯದ ಈ ಎತ್ತರದ ಗಿಡಗಳು. ಎಲೆಯನ್ನೋ ಹಣ್ಣನ್ನೋ ಕಿತ್ತರೆ ಗಿಡ ಉಳಿಯುತ್ತದೆ, ಬೇರು ಅಗೆದರೆ ಅಲ್ಲಿಗೆ ಮುಗಿಯಿತು. ವರ್ಷಕ್ಕೆ ಮೂರು ತಿಂಗಳು ಬೆಳೆಯುವ ಗಿಡ ಮಾರಾಟಕ್ಕೆ ತಕ್ಕ ಬೇರು ಕಟ್ಟಲು ಹಲವು ವರ್ಷ ಬೇಕು. 1997ರಲ್ಲಿ ಜಟಾಮಾಂಸಿ ಮತ್ತು ಕಟುಕರೋಹಿಣಿಗಳನ್ನು ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿಸಲಾಯಿತು. ಅಂಗೈಯಾಕಾರದ ಗಡ್ಡೆಗಾಗಿ ಅಗೆಯಲಾಗುವ ಹತ್ತಾಜಡಿ ಎಂಬ ನೇರಳೆ ಆರ್ಕಿಡ್‌ನ ಪಾಡೂ ಇದೇ. ರಾಷ್ಟ್ರೀಯ ಉದ್ಯಾನದ ಗಡಿ ಇಂಥ ಸಸ್ಯಗಳಿಗೆ ದೊಡ್ಡ ಆಸರೆ ಎಂಬುದರಲ್ಲಿ ಅನುಮಾನವಿಲ್ಲ.

ಆದರೆ ಅದೇ ಗಡಿ ಇನ್ನೊಂದು ಪ್ರಶ್ನೆಯನ್ನು ಎಬ್ಬಿಸಿತು. ಉದ್ಯಾನವಾದ ಮೇಲೆ ಮಂದೆಗಳ ಪ್ರವೇಶ ನಿಂತಿತು. ಮುಂದಿನ ವರ್ಷಗಳಲ್ಲಿ ಪಾಲಿಗೋನಮ್ ಎಂಬ, ಬಿಳಿ ಹೂಗೊಂಚಲಿನ ಎತ್ತರದ ಗಿಡ ಕಣಿವೆಯ ದೊಡ್ಡ ಭಾಗದಲ್ಲಿ ಹಬ್ಬಿಕೊಂಡಿತು. ಹೊರದೇಶದಿಂದ ಬಂದ ಕಳೆಯಲ್ಲ ಇದು, ಹಿಮಾಲಯದ್ದೇ ಸಸ್ಯ. ನೆಲದಡಿಯ ಬೇರುಕಾಂಡದಿಂದ ಹರಡಿ, ಒತ್ತಾಗಿ ಬೆಳೆದು, ಕುಳ್ಳ ಗಿಡಗಳಿಗೆ ಬೆಳಕು ಸಿಗದಂತೆ ಮಾಡುತ್ತದೆ. ಕುರಿಗಳ ಬಾಯಿ ಮತ್ತು ಗೊರಸು ಇದನ್ನು ಅಂಕೆಯಲ್ಲಿಟ್ಟಿದ್ದವು, ಮೇಯಿಸುವುದನ್ನು ನಿಲ್ಲಿಸಿದ್ದೇ ತಪ್ಪಾಯಿತು ಎಂದು ಕೆಲವು ಸಸ್ಯವಿಜ್ಞಾನಿಗಳು ವಾದಿಸಿದರು. ಇದು ಹುಲುಸಾಗಿ ಹಬ್ಬಿರುವುದು ಹಿಂದೆ ಮಂದೆ ತಂಗಿ ಗೊಬ್ಬರ ಬಿದ್ದ ಜಾಗಗಳಲ್ಲಿ ಹಾಗೂ ಕುಸಿತದ ನೆಲದಲ್ಲಿ, ಹಾಗಾಗಿ ಮೇಯಿಸಿದ್ದರ ಫಲವೇ ಇದು ಎಂದು ಇನ್ನು ಕೆಲವರು ಉತ್ತರಿಸಿದರು. ಎರಡರಲ್ಲೂ ಹುರುಳಿದೆ. ಶತಮಾನಗಳ ಕಾಲ ಮಂದೆ ಮೇದ ನೆಲವನ್ನು ಮನುಷ್ಯ ಮುಟ್ಟದ ನೆಲವೆಂದು ಭಾವಿಸಿ ನಿಯಮ ಮಾಡಿದ್ದು ಅವಸರದ ಕೆಲಸ ಎನ್ನದೆ ವಿಧಿಯಿಲ್ಲ. ಕುರಿಗಾಹಿಗಳ ಅನುಭವವನ್ನು ಮೊದಲೇ ಕೇಳಿದ್ದರೆ ಒಳ್ಳೆಯದಿತ್ತು. ಈಗ ಅರಣ್ಯ ಇಲಾಖೆ ಬೇಸಿಗೆಯಲ್ಲಿ ಆಳುಗಳನ್ನಿಟ್ಟು ಪಾಲಿಗೋನಮ್ ಕೀಳಿಸುತ್ತದೆ. ಬೇರುಕಾಂಡದ ಚೂರು ಉಳಿದರೂ ಅದು ಮತ್ತೆ ಚಿಗುರುವುದರಿಂದ ಈ ಕೆಲಸ ಮುಗಿಯುವಂಥದ್ದಲ್ಲ.

ಇಲಾಖೆಯ ಕೈಗೂ ನಿಲುಕದ ಬದಲಾವಣೆ ಹವಾಮಾನದ್ದು. ಉಷ್ಣತೆ ಏರಿದಂತೆ ಮರಗಳ ಗಡಿಯನ್ನು ನಿರ್ಧರಿಸುವ 6 ಡಿಗ್ರಿಯ ರೇಖೆ ಮೇಲೆ ಸರಿಯುತ್ತದೆ. ಅದರ ಹಿಂದೆ ಪೊದೆ ಮತ್ತು ಎತ್ತರದ ಗಿಡಗಳು ಏರುತ್ತವೆ. ಯುರೋಪಿನ 302 ಪರ್ವತ ಶಿಖರಗಳಲ್ಲಿ 145 ವರ್ಷಗಳ ಸಸ್ಯ ದಾಖಲೆಗಳನ್ನು ಹೋಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನ, ಕೆಳಗಿನ ಸಸ್ಯಗಳು ಶಿಖರ ಸೇರುವ ವೇಗ ಇತ್ತೀಚಿನ ದಶಕಗಳಲ್ಲಿ ಬಹಳ ಹೆಚ್ಚಿದೆಯೆಂದು ತೋರಿಸಿತು. ಹಿಮಾಲಯದಲ್ಲಿ ಏರಲು ಎತ್ತರ ಬೇಕಾದಷ್ಟಿದೆ. ಹೂಗಣಿವೆಯ ನೆತ್ತಿಯ ಗೌರಿ ಪರ್ವತವೇ 6,700 ಮೀಟರ್ ಮೀರುತ್ತದೆ. ಆದರೆ ಸಸ್ಯಕ್ಕೆ ಎತ್ತರವೊಂದೇ ಸಾಲದು, ಮಣ್ಣು ಬೇಕು. ಅಗಲವಾದ ಕಣಿವೆಯ ತಳ ಮುಗಿದ ಮೇಲೆ ಅಲ್ಲಿರುವುದು ಕಡಿದಾದ ಬಂಡೆ ಮತ್ತು ಹಿಮನದಿ ಈಗಷ್ಟೇ ಬಿಟ್ಟುಕೊಟ್ಟ ಜಲ್ಲಿ. ಹಿಮ ಸರಿದ ಜಲ್ಲಿಯ ಮೇಲೆ ಮೊದಲ ಗಿಡಗಳು ಕೆಲವೇ ವರ್ಷಗಳಲ್ಲಿ ಕಾಲೂರುತ್ತವೆ. ಅಲ್ಲಿ ಬುಗ್ಯಾಲಿಗೆ ಬೇಕಾದ ಕಪ್ಪು ಮಣ್ಣು ಕೂಡಲು ನೂರಾರು ವರ್ಷ ಹಿಡಿಯುತ್ತದೆ.